ದಾಳಿಂಬೆಗೆ ನೀರು ನಿಲ್ಲಿಸಿದ ದಿನಗಳು

ನಾನು ಕುಂತಲ್ಲಿ ಕೂರುವವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ನನ್ನ ತಾಯಿ ಅನ್ನುತ್ತಿದ್ದಳು. ಈ ಎರಡು ಸಾಲು ಬರೆಯುವುದರೊಳಗೆ ಒಮ್ಮೆ ಎದ್ದು ಹೋಗಿ ಒಲೆಯ ಮೇಲಿನ ಹಾಲು ನೋಡಿ ಬಂದೆ, ಒಲೆಯನ್ನೇ ಹೊತ್ತಿಸಿರಲಿಲ್ಲ. ಇಂಥವಳನ್ನು ಆನೆಗೊಂದಿಯ ಹೊಳೆದಂಡೆಯಿಂದ ಎತ್ತಿ ಯಲಬುರ್ಗಿ ಸೀಮೆಯಲ್ಲಿ, ತಳಕಲ್ಲಿಗೆ ಹತ್ತಿರದ ಒಂದು ಒಣ ಊರಿಗೆ ಕೊಟ್ಟರು. ದೂರದವರಿಗೇನೂ ಕೊಡಲಿಲ್ಲ, ತಾಯಿಯ ತಮ್ಮನ ಮಗನಿಗೇ ಕೊಟ್ಟರು. ಆದರೂ ಹೊಳೆ ನೋಡಿ ಬೆಳೆದವಳಿಗೆ ನೀರಿಲ್ಲದ ಊರು ಪರದೇಶವೇ.

ಆಗ ನನಗೆ ಹದಿನಾರು. ಯುದ್ಧದ ವರ್ಷಗಳು. ಯುದ್ಧ ಎಲ್ಲೋ ಕಡಲಾಚೆ ನಡೆದಿತ್ತು, ನಮಗೆ ಗೊತ್ತಾದದ್ದು ಅಂಗಡಿಯಲ್ಲಿ ಬಟ್ಟೆ ಸಿಗದಾದಾಗ. ನನ್ನ ಮಾವ ನಾನು ಆ ಮನೆ ತುಂಬುವ ಮೊದಲೇ ತೀರಿಕೊಂಡಿದ್ದರು. ನಮ್ಮವರು ಕುಷ್ಟಗಿಯ ಸಾಲೆಯಲ್ಲಿ ಮಾಸ್ತರರು, ಹದಿನೈದು ದಿನಕ್ಕೊಮ್ಮೆ ಬಂದು ಹೋಗುವವರು. ಮನೆಯಲ್ಲಿ ಉಳಿದದ್ದು ಅತ್ತೆ, ನಾನು, ಒಂದು ಎಮ್ಮೆ. ಪಕ್ಕದ ದೊಡ್ಡ ಮನೆಯಲ್ಲಿ ದೊಡ್ಡ ಮಾವ ಇದ್ದರು. ನನ್ನ ತಾಯಿಗೆ ಅಣ್ಣ, ಅತ್ತೆಗೆ ಗಂಡನ ಅಣ್ಣ. ಹೊಲಗಳು ಪಾಲಾಗಿರಲಿಲ್ಲ. ಎಲ್ಲದಕ್ಕೂ ಅವರೇ ಯಜಮಾನರು.

ಒಂದನ್ನು ಬಿಟ್ಟು. ಬಾವಿಯ ಸುತ್ತಲಿನ ದಾಳಿಂಬೆ ತೋಟ ಅತ್ತೆಯದು. ಕಾಗದ ಪತ್ರದಲ್ಲಿ ಅಲ್ಲ, ರೂಢಿಯಲ್ಲಿ. ಮಾವನೂ ಅತ್ತೆಯೂ ಕೂಡಿ ಕಡ್ಡಿ ನೆಟ್ಟು ಬೆಳೆಸಿದ್ದು, ಮಾವ ಹೋದ ಮೇಲೆ ಅದರಲ್ಲಿ ಇನ್ನೊಬ್ಬರು ಕೈ ಹಾಕಿರಲಿಲ್ಲ. ನೋಡಿದವರಿಗೆ ಅದು ತೋಟ ಅನ್ನಿಸುತ್ತಿರಲಿಲ್ಲ, ಹಾಳು ಬಿದ್ದ ಹಿತ್ತಲು ಅನ್ನಿಸುತ್ತಿತ್ತು. ಬೇಲಿಗೆ ಕಳ್ಳಿ, ಲಕ್ಕಿ, ನಡುನಡುವೆ ಬೇವು. ಸಾಲುಗಳ ನಡುವೆ ಅಲಸಂದೆ, ಪುಂಡಿ, ಬದುವಿನಲ್ಲಿ ಬೇಡದ ಹುಲ್ಲು. ಗಿಡದಿಂದ ಗಿಡಕ್ಕೆ ಜೇಡರ ಬಲೆ. ಬಂದ ಹೊಸತರಲ್ಲಿ ಕೈ ಸುಮ್ಮನಿರದೆ ಪೊರಕೆ ಹಿಡಿದು ನಾಲ್ಕು ಬಲೆ ತೆಗೆದಿದ್ದೆ. ಅತ್ತೆ ಓಡಿ ಬಂದು ಪೊರಕೆ ಕಸಿದುಕೊಂಡಳು. ಜೇಡ ಹಿಡಿಯುವ ನೊಣವನ್ನು ನೀನು ಹಿಡಿಯುತ್ತೀಯಾ ಎಂದು ಕೇಳಿದಳು. ಓತಿಕ್ಯಾತನಿಗೆ ಕಲ್ಲು ಹೊಡೆಯುವಂತಿಲ್ಲ, ಗೊರವಂಕದ ಗೂಡು ಮುಟ್ಟುವಂತಿಲ್ಲ. ಅವಕ್ಕೆ ಕೂಲಿ ಕೊಡಬೇಕೇನು, ಮಾಡಿಕೊಂಡು ಹೋಗಲಿ ಬಿಡು ಅನ್ನುತ್ತಿದ್ದಳು.

ಈ ಪುಕ್ಕಟೆ ಆಳುಗಳ ಕೈಗೂ ಸಿಗದ ಒಂದು ವೈರಿ ಇತ್ತು. ನೀಲಿ ಮಿಶ್ರ ಕಂದು ಬಣ್ಣದ ಸಣ್ಣ ಚಿಟ್ಟೆ. ನೋಡಲು ಚೆಂದ. ಅದು ಎಳೆಗಾಯಿಯ ಮೇಲೆ ಒಂದೇ ಒಂದು ತತ್ತಿ ಇಟ್ಟು ಹೋದರೆ ಸಾಕು, ಹುಳ ಕಾಯಿಯೊಳಗೆ ಹೊಕ್ಕು ಬೀಜ ತಿಂದು ಕೊಳೆಸಿಬಿಡುತ್ತದೆ. ಹೊರಗೆ ಒಂದು ಸಣ್ಣ ತೂತು, ಒಳಗೆ ನಾರುವ ಕರಿ ಗಂಜಿ. ಅದಕ್ಕೆ ನಮ್ಮ ಕಡೆಯ ಹೆಂಗಸರು ಕಾಯಿಗೆ ಕುಂಚಿಗೆ ಹಾಕುತ್ತಿದ್ದರು. ಕೂಸಿನ ತಲೆಗೆ ಹಾಕುತ್ತೇವಲ್ಲ, ಅದೇ ಹೆಸರು. ಹಳೆಯ ಸೀರೆ, ಧೋತರ ಹರಿದು ಸಣ್ಣ ಸಣ್ಣ ಚೀಲ ಹೊಲಿದು, ಕಾಯಿ ನಿಂಬೆಯ ಗಾತ್ರಕ್ಕೆ ಬಂದ ಕೂಡಲೇ ಒಂದೊಂದಕ್ಕೂ ತೊಡಿಸಿ ತೊಟ್ಟಿನ ಹತ್ತಿರ ದಾರ ಕಟ್ಟುವುದು. ಬಟ್ಟೆಗೆ ಕಂಟ್ರೋಲು ಬಂದ ಮೇಲೆ ಜನ ಹರಿದ ಸೀರೆಯನ್ನೇ ಹೊಲಿದು ಉಡತೊಡಗಿದರು, ಕುಂಚಿಗೆಗೆ ಚಿಂದಿ ಎಲ್ಲಿಂದ ಬರಬೇಕು? ಎರಡು ವರ್ಷ ಅರ್ಧ ಕಾಯಿಗಳು ಬರಿತಲೆಯಲ್ಲೇ ಬೆಳೆದವು. ಎರಡು ವರ್ಷವೂ ಹುಳ ಬಿತ್ತು.

ದೊಡ್ಡ ಮಾವನಿಗೆ ಬೇಕಾದದ್ದೂ ಅದೇ. ಅವರ ಕಣ್ಣು ಶೇಂಗಾದ ಮೇಲೆ. ಕೊಪ್ಪಳದ ಎಣ್ಣೆ ಮಿಲ್ಲಿನವರು ಎಷ್ಟು ತಂದರೂ ತೂಗಿಕೊಳ್ಳುತ್ತಿದ್ದ ಕಾಲ ಅದು. ಬಾವಿಯ ಹತ್ತಿರದ ಅಷ್ಟು ಒಳ್ಳೆಯ ನೆಲದಲ್ಲಿ ಹುಳುಕು ದಾಳಿಂಬೆ ಯಾಕೆ ಎಂದು ಸಿಕ್ಕಾಗಲೆಲ್ಲ ಅನ್ನುತ್ತಿದ್ದರು. ಆ ವರ್ಷ ಯುಗಾದಿಗೆ ಮೊದಲು ಪಡಸಾಲೆಯಲ್ಲಿ ಕೂತು ಕಡ್ಡಿ ಮುರಿದ ಹಾಗೆ ಹೇಳಿದರು. ಈ ಸಲದ ಕಾಯಿ ಹುಳವಿಲ್ಲದೆ ಬಂದರೆ ತೋಟ ಇರಲಿ. ಹುಳ ಬಿದ್ದರೆ ಬುಡಸಮೇತ ಕಿತ್ತು ಶೇಂಗಾ.

ಅದನ್ನು ಅವರು ಹೇಳಿದ್ದು ನನಗೆ, ಉತ್ತರ ಕೊಡಬೇಕಾದದ್ದು ಅತ್ತೆ. ನಮ್ಮ ಮನೆಗಳಲ್ಲಿ ಗಂಡನ ಅಣ್ಣನ ಮುಂದೆ ಹೆಣ್ಣುಮಗಳು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ನನಗೆ ಹೇಳುವಳು, ನಾನು ಹೊಸ್ತಿಲಲ್ಲಿ ನಿಂತು ಅವರಿಗೆ ಹೇಳುವೆ. ಎರಡು ಮಾರು ದೂರ. ಅತ್ತೆ ಅಂದದ್ದು ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಆದರೂ ನಾನು ಹೇಳುವ ತನಕ ಕೇಳದವರಂತೆ ಮೀಸೆ ನೀವುತ್ತ ಕೂರುತ್ತಿದ್ದರು. ನನಗೆ ಈ ಕೆಲಸದಲ್ಲಿ ಒಂದು ರುಚಿ ಹತ್ತಿತ್ತು. ಅತ್ತೆಯ ಮಾತು ಕೊಡಲಿಯ ಏಟು. ನಾನು ಅದಕ್ಕೆ ಬೆಲ್ಲ ಸವರುತ್ತಿದ್ದೆ. ಅವರಿಗೇನು ತಿಳಿಯುತ್ತದೆ ಎಂದು ಕೇಳು ಅಂತ ಅತ್ತೆ ಅಂದರೆ, ನೀವು ತಿಳಿದವರು, ಒಂದು ಸಲ ವಿಚಾರ ಮಾಡಬೇಕಂತೆ ಎಂದು ನಾನು ಅನ್ನುತ್ತಿದ್ದೆ. ಆ ದಿನವೂ ಅತ್ತೆ ಒಳಗಿಂದ, ಕೀಳುವುದಾದರೆ ಮೊದಲು ನನ್ನನ್ನು ಕಿತ್ತು ಹಾಕಲಿ ಅಂದಳು. ನಾನು ಹೊರಗೆ, ಆಗಲಿ, ಈ ಒಂದು ವರ್ಷ ನೋಡೋಣವಂತೆ ಅಂದೆ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಅತ್ತೆ ತೋಟಕ್ಕೆ ನೀರು ನಿಲ್ಲಿಸಿದಳು. ಬಾವಿಯಿಂದ ನೀರೆತ್ತುವ ಕಪಲಿಯ ಎತ್ತು ಬಿಚ್ಚಿಸಿದಳು, ಗಿಡಗಳ ಬುಡದ ಮಣ್ಣು ತೆಗೆಸಿ ಬೇರುಗಳನ್ನು ಬಿಸಿಲಿಗೆ ಬಿಟ್ಟಳು. ಇದು ಪ್ರತಿ ವರ್ಷದ ಪದ್ಧತಿ. ಮುಂಗಾರಿನ ಮಿರಗದ ಮಳೆ, ಅಂದರೆ ಮೃಗಶಿರೆ, ಬರುವ ತನಕ ಗಿಡ ಹಸಿದಿರಬೇಕು. ಎಲೆ ಉದುರಬೇಕು. ಇನ್ನು ಸತ್ತೇ ಹೋದೆ ಎಂದು ಅದಕ್ಕೆ ಅನ್ನಿಸಬೇಕು. ಆಗ ಗೊಬ್ಬರ, ಕೆರೆಯ ಗೋಡುಮಣ್ಣು, ಬೇವಿನ ಹಿಂಡಿ ಹಾಕಿ ಬುಡ ಮುಚ್ಚಿದರೆ, ಮೊದಲ ಮಳೆಗೆ ಇಡೀ ತೋಟ ಒಂದೇ ಸಲಕ್ಕೆ ಹೂ ಬಿಡುತ್ತದೆ. ಅತ್ತೆ ನನಗೆ ಹೇಳಿದ್ದು ಇಷ್ಟೇ. ಇನ್ನೊಂದು ಕಾರಣ ಇತ್ತು, ಅದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಯಾಕೆ ಎಂದು ಕೇಳುವುದು ಆ ಮನೆಯಲ್ಲಿ ಅಡ್ಡಮಾತು.

ನನಗೆ ತಡೆಯಲಾಗಲಿಲ್ಲ. ನಮ್ಮೂರಲ್ಲಿ ಬಾಳೆಯ ಎಲೆ ಒಂದು ಸ್ವಲ್ಪ ಬಾಡಿದರೆ ಕಾಲುವೆಯ ಮಣ್ಣು ಕಾಲಿಂದ ಒದ್ದರೆ ಮುಗಿಯಿತು, ನೀರು ತಾನೇ ಹರಿಯುತ್ತಿತ್ತು. ಇಲ್ಲಿ ಬಾವಿಯಲ್ಲಿ ನೀರು ಇಟ್ಟುಕೊಂಡು ಗಿಡ ಒಣಗಿಸುತ್ತಾರೆ! ಎಮ್ಮೆಗೆ ನೀರು ಕುಡಿಸಲು ದಿನಾ ಮಧ್ಯಾಹ್ನ ನಾನೇ ಬಾವಿಗೆ ಹೋಗುತ್ತಿದ್ದೆ. ಅತ್ತೆಗೆ ಮೊಣಕಾಲು ನೋವು, ಮನೆಯಲ್ಲಿ ಸಂಡಿಗೆ ಹಪ್ಪಳದ ಕೆಲಸ. ಎಲೆಗಳು ಹಳದಿಯಾದವು, ಉದುರಿದವು, ನಡೆದರೆ ಕಾಲಡಿಯಲ್ಲಿ ಹಪ್ಪಳದಂತೆ ಮುರಿದವು. ಬರಿ ಮುಳ್ಳು ಕಡ್ಡಿ ನಿಂತವು. ಮನೆಗೆ ಬಂದರೂ ಅದೇ ಕಣ್ಣ ಮುಂದೆ. ರೊಟ್ಟಿ ತಟ್ಟುತ್ತ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುವುದು, ಮತ್ತೆ ಬರುವುದು, ಅಷ್ಟರಲ್ಲಿ ರೊಟ್ಟಿ ಹೊತ್ತುವುದು. ಈ ವರ್ಷವೇ ತೋಟದ ಅಳಿವು ಉಳಿವು ಎಂದಿದ್ದಾರೆ, ಈ ವರ್ಷವೇ ಇವಳು ಗಿಡ ಕೊಲ್ಲುತ್ತಿದ್ದಾಳೆ ಎಂದು ನನ್ನಷ್ಟಕ್ಕೆ ಗೊಣಗುತ್ತಿದ್ದೆ. ಯುಗಾದಿ ಕಳೆದ ಮೂರನೆಯ ದಿನ, ಎಮ್ಮೆ ಕುಡಿದು ಬಿಟ್ಟ ಅರ್ಧ ಕೊಡ ನೀರನ್ನು ಬಾವಿಯ ಹಿಂದಿನ ಒಂದು ಗಿಡಕ್ಕೆ ಸುರಿದೆ.

ಮಣ್ಣು ಆ ನೀರನ್ನು ಕುಡಿದ ಸದ್ದು ಕೇಳಿಸಿತು. ಅಷ್ಟೇ ಸಾಕಾಯಿತು ನನಗೆ. ಮರುದಿನ ಒಂದು ಕೊಡ, ಅದರ ಮರುದಿನ ನಾಲ್ಕು. ಬಾವಿಯ ಹಿಂದೆ ತಗ್ಗಿನಲ್ಲಿ ಐದು ಗಿಡಗಳಿದ್ದವು, ದಾರಿಗೆ ಕಾಣುತ್ತಿರಲಿಲ್ಲ. ಮಧ್ಯಾಹ್ನ ಊರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ ನಾನು ಹಗ್ಗ ಎಳೆದು ಕೊಡ ಹೊತ್ತು ಆ ಐದಕ್ಕೂ ಹೊಯ್ಯುತ್ತಿದ್ದೆ. ಅಂಗೈಯಲ್ಲಿ ಬೊಕ್ಕೆ ಎದ್ದವು. ಎಷ್ಟೋ ತಿಂಗಳ ಮೇಲೆ ಕೈಕಾಲಿಗೆ ಒಂದು ಸಮಾಧಾನ ಸಿಕ್ಕಿತ್ತು, ಸುಳ್ಳು ಯಾಕೆ ಹೇಳಲಿ. ಐದೂ ಚಿಗುರಿದವು. ಸುಟ್ಟ ಹಾಗಿದ್ದ ತೋಟದಲ್ಲಿ ಆ ಐದರಲ್ಲಿ ಮಾತ್ರ ಕೆಂಡದ ಬಣ್ಣದ ಹೂವು. ನನಗೆ ಹೆಮ್ಮೆ. ಮಿಕ್ಕವೆಲ್ಲ ಸತ್ತರೂ ಇವು ಉಳಿಯುತ್ತವೆ, ಆಗ ಅತ್ತೆಯೇ ನನ್ನ ಕೈ ಹಿಡಿದುಕೊಂಡು ಅಳುತ್ತಾಳೆ ಎಂದೆಲ್ಲ ಕಟ್ಟಿಕೊಂಡಿದ್ದೆ.

ಮಳೆಗೆ ಮೊದಲು ಕುಷ್ಟಗಿ ಕಡೆಯ ಕುರುಬರು ಬಂದು ತೋಟದಲ್ಲಿ ಕುರಿ ನಿಲ್ಲಿಸಿದರು. ಮೂರು ದಿನ ಹಿಂಡು ಅಲ್ಲೇ ತಂಗಿದರೆ ನೆಲಕ್ಕೆ ಹಿಕ್ಕೆ ಗೊಬ್ಬರ, ಅವರಿಗೆ ಜೋಳ. ಎಲೆ ಇಲ್ಲದ ಗಿಡಕ್ಕೆ ಕುರಿಯ ಭಯವಿಲ್ಲ, ಅದಕ್ಕೇ ಆ ಹೊತ್ತಿಗೇ ಕರೆಸುವುದು. ಆದರೆ ನನ್ನ ಐದು ಗಿಡಗಳಿಗೆ ಎಲೆ ಇದ್ದವು! ಓಡಿ ಹೋಗಿ ಬಾವಿಯ ಹಿಂದೆ ಮುಳ್ಳು ಎಳೆದು ಹಾಕಿದೆ. ಅಲ್ಲಿ ಹಾವಿನ ಹುತ್ತ ಇದೆ, ಕುರಿ ಬಿಡಬೇಡಿ ಎಂದು ಅತ್ತೆ ಹೇಳಿದ್ದಾಳೆ ಅಂತ ಕುರುಬರಿಗೆ ಅಂದೆ. ಅತ್ತೆಯ ಹೆಸರಿನಲ್ಲಿ ಮಾತು ಕಟ್ಟುವುದು ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು.

ಮಿರಗ ಸರಿಯಾಗಿ ಹಿಡಿಯಿತು. ಆಮೇಲೆ ನಡೆದದ್ದನ್ನು ನೋಡಿ ನಾನು ಪೆಚ್ಚಾದೆ. ಸತ್ತವು ಎಂದು ನಾನು ಅತ್ತಿದ್ದ ಗಿಡಗಳೆಲ್ಲ ಹದಿನೈದೇ ದಿನದಲ್ಲಿ ಹಸಿರಾದವು, ಆಷಾಢದಲ್ಲಿ ಇಡೀ ತೋಟ ಒಟ್ಟಿಗೆ ಹೂ ಬಿಟ್ಟಿತು. ಕಡ್ಡಿ ಕಾಣದಷ್ಟು ಹೂವು. ಅತ್ತೆ ನಡೆಯುವಾಗ ಕುಂಟುವುದನ್ನೇ ಮರೆತಳು. ನನ್ನ ಐದು ಗಿಡಗಳಲ್ಲಿ ಆ ಹೊತ್ತಿಗೆ ಹೂವಿರಲಿಲ್ಲ. ಕಾಯಿಗಳಿದ್ದವು, ಎಲೆಯ ಮರೆಯಲ್ಲಿ ಮುಷ್ಟಿಯಷ್ಟು ದಪ್ಪ. ಕೆಲವುಗಳಲ್ಲಿ ಒಂದೊಂದು ಸಣ್ಣ ತೂತು.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ತಗ್ಗಿನಲ್ಲಿ ಕಾಲು ಜಾರುತ್ತದೆ, ಅತ್ತಿ, ಹಿಂದಿನ ಗಿಡ ನಾನು ನೋಡಿಕೊಳ್ಳುತ್ತೇನೆ ಎಂದು ಅವಳನ್ನು ಮುಂದಿನ ಸಾಲುಗಳಲ್ಲೇ ಇಟ್ಟೆ. ತೂತು ಬಿದ್ದ ಕಾಯಿ ಕಿತ್ತು ಬೇಲಿಯಾಚೆ ಎಸೆದೆ. ಸುಡಬೇಕು ಎಂದೂ ಹೊಳೆಯಲಿಲ್ಲ. ಮರುದಿನ ಮತ್ತೆ ತೂತು. ಆ ಚೆಂದದ ಚಿಟ್ಟೆಗಳು ಬಾವಿಯ ಹಿಂದಿನಿಂದ ಎದ್ದು ಹೂವಿನ ಸಾಲುಗಳ ಕಡೆ ಹಾರುವುದನ್ನು ಕಂಡೆ. ಕಂಡು ಸೆರಗಿನಿಂದ ಬೀಸಿ ಓಡಿಸಿದೆ. ಚಿಟ್ಟೆಯನ್ನು ಸೆರಗಿನಿಂದ ಓಡಿಸಿದ ಜಾಣೆ ನಾನು!

ಶ್ರಾವಣದಲ್ಲಿ ಕುಂಚಿಗೆ ಹಾಕುವ ಕೆಲಸ ಬಂತು. ಅತ್ತೆ ಆ ವರ್ಷ ಹಟಕ್ಕೆ ಬಿದ್ದು ಚಿಂದಿ ಕೂಡಿಸಿದ್ದಳು. ಇಟಗಿಯ ತವರಿಗೆ ಹೋಗಿ ಹಳೆಯ ದಟ್ಟಿ ತಂದಳು, ಗಂಗಾವತಿಯ ಸಂತೆಯಿಂದ ಹರಿದ ಗೋಣಿ ತರಿಸಿದಳು, ತನ್ನ ಎರಡು ಸೀರೆಯಲ್ಲಿ ಒಂದನ್ನು ಹರಿದಳು. ಬಟ್ಟೆ ಸಾಲದ ಕಡೆಗೆ ನಾನು ತವರಿಂದ ಒಣ ಬಾಳೆಪಟ್ಟೆ ತರಿಸಿ ದೊನ್ನೆ ಕಟ್ಟಿದೆ. ರಾತ್ರಿಯೆಲ್ಲ ಹೊಲಿಗೆ, ಹಗಲೆಲ್ಲ ಕಟ್ಟುವುದು. ಒಂದು ಕಾಯಿಯೂ ಬರಿತಲೆಯಲ್ಲಿ ಉಳಿಯಲಿಲ್ಲ. ಕೊನೆಯ ದಾರ ಕಟ್ಟಿದ ದಿನ ಅತ್ತೆ ಬಾವಿಯ ಕಟ್ಟೆಯ ಮೇಲೆ ಕೂತು, ಈ ಸಲ ನಿಮ್ಮ ದೊಡ್ಡ ಮಾವ ಶೇಂಗಾ ಬಿತ್ತುವುದಾದರೆ ತಮ್ಮ ಪಡಸಾಲೆಯಲ್ಲಿ ಬಿತ್ತಬೇಕು ಎಂದು ನಕ್ಕಳು. ನಾನೂ ನಕ್ಕೆ. ಒಳಗೆ ಬೆಂಕಿ.

ಎಂಟು ದಿನಕ್ಕೆ ಒಂದು ಕುಂಚಿಗೆ ಬಿಚ್ಚಿ ನೋಡಿದಳು. ಕಾಯಿಯಲ್ಲಿ ತೂತು. ಇನ್ನೊಂದು ಬಿಚ್ಚಿದಳು. ಕಟ್ಟುವ ಮೊದಲೇ ತತ್ತಿ ಬಿದ್ದಿತ್ತು, ನಾವು ಹುಳವನ್ನು ಒಳಗಿಟ್ಟೇ ದಾರ ಬಿಗಿದಿದ್ದೆವು. ಅತ್ತೆ ಅಳಲಿಲ್ಲ, ಬೈಯಲಿಲ್ಲ. ಸಾಲಿನಿಂದ ಸಾಲಿಗೆ ಕುಂಚಿಗೆ ಬಿಚ್ಚುತ್ತ ಹೋದಳು, ಯಾವ ಕಡೆ ತೂತು ಹೆಚ್ಚು ಎಂದು ನೋಡುತ್ತ. ಬಾವಿಯ ಹತ್ತಿರ ಹೆಚ್ಚು. ಕಟ್ಟೆ ಬಳಸಿ ತಗ್ಗಿಗೆ ಇಳಿದಳು. ನಾನು ತಡೆಯಲಿಲ್ಲ, ಅವಳ ಹಿಂದೆಯೇ ಇಳಿದೆ. ಅಲ್ಲಿ ಹಣ್ಣಾಗಲು ಬಂದ ಕಾಯಿಗಳನ್ನು ಕಂಡು ಅವಳು ಒಂದು ಗಳಿಗೆ ನಿಂತಳು. ಈ ಕಾಲದಲ್ಲಿ ಇಷ್ಟು ದೊಡ್ಡ ಕಾಯಿ ಹೇಗೆ ಬಂತು ಎಂದು ಅವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ತಿರುಗಿ ನನ್ನ ಅಂಗೈ ಹಿಡಿದು ನೋಡಿದಳು. ಬೊಕ್ಕೆ ಒಣಗಿ ಜಡ್ಡುಗಟ್ಟಿತ್ತು.

“ನೀ ಗಿಡಕ್ಕ ನೀರು ಹಾಕಿಲ್ಲ ತಂಗಿ,” ಅಂದಳು, “ಹುಳಕ್ಕ ಊಟ ಹಾಕೀದಿ. ತ್ವಾಟದಾಗ ಒಂದು ಹೂವಿಲ್ಲ ಒಂದು ಕಾಯಿಲ್ಲ ಅಂದ್ರ ಅದೂ ಉಪಾಸ ಸಾಯ್ತೈತಿ. ಅದಕ್ಕ ನಿಲ್ಲಸ್ತಿದ್ದೆ ನೀರು.”

ಇದೇ ಅವಳು ಹೇಳದೆ ಇಟ್ಟಿದ್ದ ಇನ್ನೊಂದು ಕಾರಣ. ಎರಡು ತಿಂಗಳು ತೋಟವೆಲ್ಲ ಬರಿದಾಗಿದ್ದರೆ ಚಿಟ್ಟೆಗೆ ತತ್ತಿ ಇಡಲು ಜಾಗವಿಲ್ಲ, ಅದರ ಸಂತಾನ ಅಲ್ಲಿಗೆ ತುಂಡಾಗುತ್ತದೆ. ನಾನು ಐದು ಗಿಡ ಹಸಿರಾಗಿಟ್ಟು ಆ ಸಂತಾನವನ್ನು ಸಾಕಿದ್ದೆ, ಇಡೀ ತೋಟ ಹೂ ಬಿಡುವ ಹೊತ್ತಿಗೆ ಸರಿಯಾಗಿ ಅದನ್ನು ಬೆಳೆಸಿ ಕೊಟ್ಟಿದ್ದೆ. ಒಂದು ಸಲ ಕೇಳಿದ್ದರೆ! ಒಂದು ಸಲ ಅವಳು ಹೇಳಿದ್ದರೆ! ಇಷ್ಟು ವಯಸ್ಸಾದ ಮೇಲೂ ಈ ಮಾತು ನೆನಪಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಮುಂದಿನ ದಿನಗಳಲ್ಲಿ ಅತ್ತೆ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಐದು ಗಿಡಗಳ ಕಾಯಿಯನ್ನೆಲ್ಲ ನನ್ನ ಕೈಯಲ್ಲೇ ಕೀಳಿಸಿದಳು, ಕೊಳೆತದ್ದನ್ನೂ ಒಳ್ಳೆಯದನ್ನೂ. ಬೇಲಿಯಾಚೆ ಎಸೆದದ್ದನ್ನು ಹುಡುಕಿಸಿದಳು. ಕುಂಚಿಗೆ ಒಂದೊಂದಾಗಿ ಬಿಚ್ಚಿ ತೂತು ಬಿದ್ದದ್ದನ್ನು ಆರಿಸಿ, ಎಲ್ಲವನ್ನೂ ಗುಂಡಿಯಲ್ಲಿ ಹಾಕಿ ಸೌದೆ ಒಟ್ಟಿ ಸುಡಿಸಿದಳು. ಬೇವಿನ ಬೀಜ ಕುಟ್ಟಿ ನೆನೆಸಿದ ನೀರನ್ನು ಬೇವಿನ ಸೊಪ್ಪಿನ ಕಟ್ಟಿನಿಂದಲೇ ಉಳಿದ ಎಳೆಗಾಯಿಗಳ ಮೇಲೆ ಚಿಮುಕಿಸಿದೆವು. ಅರ್ಧ ಉಳಿಯಿತು. ಅರ್ಧ ಸಾಲದು ಎಂದು ನಮಗೆ ಇಬ್ಬರಿಗೂ ಗೊತ್ತಿತ್ತು. ಬೀದಿಯಲ್ಲಿ ಯಾರಾದರೂ ನೀರು ಎಂಬ ಶಬ್ದ ಎತ್ತಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ದೊಡ್ಡ ಮಾವ ತೋಟ ಸುತ್ತಿ ಬಂದು ಪಡಸಾಲೆಯಲ್ಲಿ ಕೂತರು. ಮುಂದೆ ಒಂದು ಬುಟ್ಟಿ ಹಣ್ಣು. ಕುಡಗೋಲಿನಿಂದ ಒಂದೊಂದನ್ನೇ ಸೀಳಿ ನೆಲದ ಮೇಲೆ ಇಟ್ಟರು. ಕೆಂಪು, ಕೆಂಪು, ಕಪ್ಪು, ಕೆಂಪು, ಕಪ್ಪು. ಏನು ಹೇಳುತ್ತಾಳೆ ಕೇಳು ನಿಮ್ಮತ್ತಿಯನ್ನು ಎಂದರು. ನಾನು ಆ ದಿನ ಎಲ್ಲವನ್ನೂ ಒಪ್ಪಿಕೊಳ್ಳಲು ಮನಸ್ಸು ಗಟ್ಟಿ ಮಾಡಿದ್ದೆ. ಬಾಯಿ ತೆರೆಯುವ ಮೊದಲೇ ಬಾಗಿಲ ಮರೆಯಿಂದ ಅತ್ತೆಯ ಧ್ವನಿ ಬಂತು.

“ಹೇಳವಾ ಅವ್ರಿಗೆ. ನೀರು ನಿಲ್ಲಿಸಿದಾಗ ಐದು ಗಿಡಕ್ಕ ನಾನ ನೀರು ಹಾಕಿದ್ದೆ. ಕರುಳು ತಡೀಲಿಲ್ಲ. ಹುಳ ಅಲ್ಲಿಂದ ಎದ್ದು ಬಂತು. ತಪ್ಪು ನಂದ.”

ನಾನು ಹೊಸ್ತಿಲಲ್ಲಿ ನಿಂತೆ. ಒಳಗೆ ಅವಳು, ಹೊರಗೆ ಅವರು. ಅವರು ಎಂದಿನಂತೆ ಕೇಳದವರಂತೆ ಮೀಸೆ ನೀವುತ್ತ ಕಾದರು.

“ಮಾವಾರ, ನೀರು ಹಾಕಿದಾಕಿ ನಾನು,” ಅಂದೆ. “ಅತ್ತಿಗೆ ಗೊತ್ತಿರಲಿಲ್ರಿ.”

ದೊಡ್ಡ ಮಾವ ನನ್ನನ್ನು ನೋಡಿದರು. ಸಿಟ್ಟು ಬರಲಿಲ್ಲ ಅವರಿಗೆ. ಸಣ್ಣಗೆ ನಕ್ಕರು.

“ನಿಮ್ಮವ್ವನೂ ಹಿಂಗ, ಮಂದಿ ತಪ್ಪು ತನ್ನ ಉಡ್ಯಾಗ ಹಾಕ್ಕೊಳ್ಳಾಕಿ. ನಿಮ್ಮತ್ತಿ ಮಾತು ನೀ ಹೆಂಗ ತಿದ್ದಿ ತಿದ್ದಿ ಹೇಳ್ತಿ ಅಂತ ನನಗ ಗೊತ್ತಿಲ್ಲೇನು? ಬಾಗಲಾ ಹಿಂದಿಂದು ನನಗೂ ಕೇಳ್ತೈತಿ.”

ನಾನು ಕೊಡ ಹೊತ್ತದ್ದು ಹೇಳಿದೆ. ಕುರಿ ಬಂದಾಗ ಮುಳ್ಳು ಹಾಕಿದ್ದು ಹೇಳಿದೆ. ಅಂಗೈ ತೋರಿಸಿದೆ. ಯಾವ ಸೊಸೆಯ ಅಂಗೈಯಲ್ಲಿ ಜಡ್ಡಿಲ್ಲ? ನಾನು ಹೇಳುತ್ತ ಹೋದಷ್ಟೂ ಅವರ ಮುಖದಲ್ಲಿ ಮೆಚ್ಚುಗೆ ಹೆಚ್ಚಿತು. ಅತ್ತಿ, ನೀವಾದರೂ ಖರೆ ಹೇಳಿ ಎಂದು ಬಾಗಿಲ ಕಡೆ ತಿರುಗಿ ಬೇಡಿಕೊಂಡೆ. ಒಳಗೆ ಮೊರದಲ್ಲಿ ಜೋಳ ಕೇರುವ ಸದ್ದು ಶುರುವಾಯಿತು. ಹುಟ್ಟಿದಾಗಿನಿಂದ ನಾನು ಆಡಿದ ಖರೆ ಮಾತುಗಳಲ್ಲಿ ಅದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ, ಅದನ್ನೇ ಯಾರೂ ನಂಬಲಿಲ್ಲ.

ದೊಡ್ಡ ಮಾವ ತೀರ್ಮಾನ ಹೇಳಿದರು. ವಯಸ್ಸಾಯಿತು, ಕರುಳು ಮೆತ್ತಗಾಯಿತು, ಇನ್ನು ಅವಳಿಂದ ತೋಟ ಆಗುವುದಿಲ್ಲ. ಬಾವಿಯಿಂದ ಆಚೆಗಿನ ಅರ್ಧ ಕಿತ್ತು ಶೇಂಗಾ ಹಾಕುವುದು. ಈಚೆಗಿನ ಅರ್ಧ ಇರಲಿ, ಅತ್ತೆಗಾಗಿ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವ ಇಂಥ ಸೊಸೆ ಇರುವಾಗ ಚಿಂತೆ ಏನು, ಇನ್ನು ಮುಂದೆ ಅದನ್ನು ಇವಳೇ ನೋಡಿಕೊಳ್ಳಲಿ. ಹೀಗೆ ತೋಟ ಕೆಡಿಸಿದವಳ ಕೈಗೇ ತೋಟ ಬಂತು.

ಅವರು ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಯಾಕೆ ಹಾಗೆ ಹೇಳಿದಿರಿ, ನನ್ನ ತಪ್ಪಿಗೆ ನೀವು ಯಾಕೆ ಎಂದು ಕೂಗಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಡಲೂ ಇಲ್ಲ. ನಿನ್ನ ಹೆಸರು ಬಂದಿದ್ದರೆ ಅವರು ನಿನ್ನನ್ನು ತೋಟದಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ, ನನ್ನ ಹಿಂದೆ ಯಾರೂ ಉಳಿಯುತ್ತಿರಲಿಲ್ಲ, ಆಗ ಪೂ‌ರಾ ಶೇಂಗಾ ಆಗುತ್ತಿತ್ತು ಎಂದಳು. ನಿನ್ನ ಮೇಲಿನ ಪ್ರೀತಿಗೆ ಹೇಳಿದೆ ಅಂತ ತಿಳಿಯಬೇಡ, ಗಿಡಕ್ಕಾಗಿ ಹೇಳಿದೆ ಎಂದೂ ಸೇರಿಸಿದಳು. ಆ ಮಾತು ನಿಜವಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು.

ಚಳಿಗಾಲದಲ್ಲಿ ಆಳುಗಳು ಗುದ್ದಲಿ ಕೊಡಲಿ ಹಿಡಿದು ಬಂದು ಅರ್ಧ ತೋಟ ಕಿತ್ತರು. ದಾಳಿಂಬೆಯ ಬೇರು ಹಳದಿ. ಗುಡ್ಡೆ ಹಾಕಿದ್ದನ್ನು ನೋಡಿ ಬಂದು ಎರಡು ದಿನ ಉಣ್ಣಲಿಲ್ಲ. ಊರಲ್ಲಿ ನನ್ನ ಹೆಸರು ಮಾತ್ರ ದೊಡ್ಡದಾಗಿತ್ತು. ಸೇದುವ ಬಾವಿಯ ಹತ್ತಿರ ಹೆಂಗಸರು, ಸೊಸೆ ಅಂದರೆ ಹೀಗಿರಬೇಕು ಅನ್ನುವರು. ಕೆಲವರು ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಕಣ್ಣು ಮಿಟುಕಿಸುವರು. ನಾನು ಅಲ್ಲ, ಅಲ್ಲ ಎಂದು ಹೇಳಿ ಸಾಕಾಗಿ ಬಿಟ್ಟೆ. ಹೊಗಳಿಕೆಯೂ ಕೆನ್ನೆಗೆ ಹೊಡೆದಂತೆ ಉರಿಯುತ್ತದೆ ಎಂಬುದು ಆ ಚಳಿಗಾಲದಲ್ಲಿ ತಿಳಿಯಿತು.

ಮತ್ತೆ ಹೋಳಿ ಬಂತು. ಈ ಸಲ ಎತ್ತು ಬಿಚ್ಚಿಸಿದವಳು ನಾನು, ಬೇರಿಗೆ ಬಿಸಿಲು ತೋರಿಸಿದವಳು ನಾನು. ಎಲೆ ಹಳದಿಯಾದಾಗ ಕೈ ತುರಿಸಿತು. ಉದುರಿದಾಗ ಓಡಿ ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಎಮ್ಮೆಗೆ ಮನೆಯಲ್ಲೇ ನೀರು ತಂದಿಟ್ಟು, ಮಧ್ಯಾಹ್ನವೆಲ್ಲ ಒಳಗೆ ಹೊರಗೆ ತಿರುಗುತ್ತಿದ್ದೆ, ಹಗ್ಗ ಕಟ್ಟಿದ ಕರುವಿನ ಹಾಗೆ.

ಒಂದು ಮಧ್ಯಾಹ್ನ ಅತ್ತೆ ಮನೆಯಲ್ಲಿ ಕಾಣಲಿಲ್ಲ. ಮೊಣಕಾಲು ನೋವಿನವಳು ಆ ಬಿಸಿಲಲ್ಲಿ ಎಲ್ಲಿ ಹೋದಳು ಎಂದು ಹುಡುಕಿಕೊಂಡು ತೋಟಕ್ಕೆ ಹೋದೆ. ಬಾವಿಯ ಕಟ್ಟೆಯಿಂದ ಎಲೆ ಇಲ್ಲದ ಗಿಡಗಳ ನಡುವೆ, ಎರಡು ಕೈಯಲ್ಲಿ ಕೊಡ ಹಿಡಿದು, ಹೆಜ್ಜೆಗೊಮ್ಮೆ ನಿಲ್ಲುತ್ತ ಹೋಗುತ್ತಿದ್ದಳು. ನೀರು ತುಳುಕಿ ಸೀರೆ ಒದ್ದೆಯಾಗಿತ್ತು. ನಾನು ಮುಂದೆ ಹೋಗಿ ನಿಂತೆ. ಅವಳು ಬೆಚ್ಚಲಿಲ್ಲ. ಕೊಡ ಬಿಡಲೂ ಇಲ್ಲ.

“ಇಷ್ಟು ವರ್ಷ ಯಜಮಾನಿ ನಾ ಇದ್ದೆ, ತಡಕೊಂಡೆ,” ಅಂದಳು. “ಈಗ ನೀ ಅದೀ. ತಡಿ ನನ್ನ.”

ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೊಡ ಇಸಿದುಕೊಂಡೆ. ನೀರನ್ನು ಬಾವಿಗೇ ಸುರಿದೆ.